ಕ್ಯಾರಮೆಲ್, ತಿರಾಮಿಸು ಘಮದ ಬ್ಲ್ಯಾಕ್ ಟೀ: ಪೊಟ್ಟಣದಲ್ಲಿರುವ ಪರಿಮಳ ಕಪ್ಪಿಗೆ ಯಾಕೆ ಬರುತ್ತಿಲ್ಲ?

ಎಲ್ಬೆ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಹ್ಯಾಂಬರ್ಗ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿನ ಟೀ ಅಂಗಡಿಗೆ ಕಾಲಿಟ್ಟರೆ ಗೋಡೆ ತುಂಬ ಡಬ್ಬಿಗಳು, ಅದರಲ್ಲಿ ಎಷ್ಟೋ ಡಬ್ಬಿಗಳ ಮೇಲೆ ಸಿಹಿತಿಂಡಿಯ ಹೆಸರು. ಕ್ಯಾರಮೆಲ್ ಕ್ರೀಮ್, ತಿರಾಮಿಸು (ಕಾಫಿ ಹಾಕಿ ಮಾಡುವ ಇಟಲಿಯ ಸಿಹಿ), ಚಾಕೊಲೇಟ್, ವೆನಿಲ್ಲಾ, ಮತ್ತೆ ಕ್ರಿಸ್‌ಮಸ್ ಸಂತೆಯಲ್ಲಿ ಸಕ್ಕರೆ ಪಾಕದಲ್ಲಿ ಹುರಿದು ಕೊಡುತ್ತಾರಲ್ಲ, ಆ ಬಾದಾಮಿಯ ಘಮದ್ದು ಕೂಡ. ಎಲ್ಲಾ ಬ್ಲ್ಯಾಕ್ ಟೀಗಳೇ. ಆಸೆಯಾಗಿ 5 ಬಗೆ, ತಲಾ 50 ಗ್ರಾಂ ತಂದೆ. ಪೊಟ್ಟಣ ಬಿಚ್ಚಿದ ಕೂಡಲೇ ಅಡುಗೆಮನೆಯೆಲ್ಲ ಬೇಕರಿಯ ಹಾಗೆ ಘಮ್ ಅಂತು.

ಮೊದಲ ದಿನ ಅಮ್ಮ ಮಾಡುವ ಹಾಗೆಯೇ ಮಾಡಿದೆ. ನೀರು ಹಾಲು ಸಮಸಮ, ಎರಡು ಚಮಚ ಟೀ, ಚೆನ್ನಾಗಿ ಉಕ್ಕಿಸಿ ಸೋಸಿದೆ. ಬಂದದ್ದು ಮಾಮೂಲಿ ಟೀ, ಅದೂ ಸ್ವಲ್ಪ ಸಪ್ಪೆ. ಕ್ಯಾರಮೆಲ್ ಎಲ್ಲಿ ಹೋಯಿತೋ! ಮರುದಿನ ಬರೀ ಬಿಸಿನೀರಲ್ಲಿ ನೆನೆಹಾಕಿ, ಬಣ್ಣ ಬರಲಿ ಅಂತ ಹತ್ತು ನಿಮಿಷ ಬಿಟ್ಟೆ. ಮೂಗಿಗೆ ಪರಿಮಳ ಬಂತು, ಬಾಯಿಗೆ ಬರೀ ಒಗರು, ಎಳೆ ಬಾಳೆಕಾಯಿ ಕಚ್ಚಿದ ಹಾಗೆ.

ನಾನು ಏನು ತಪ್ಪು ಮಾಡುತ್ತಿದ್ದೇನೆ? ಇವನ್ನು ಕುಡಿಯುವ ಕ್ರಮವೇ ಬೇರೆಯಾ, ಅಥವಾ ಎಲ್ಲಾ ಬರೀ ಎಸೆನ್ಸ್ ಆಟವಾ? ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರುತ್ತಾರೆ. ಅಮ್ಮನಿಗೆ ಟೀ ಅಂದರೆ ಜೀವ. ಅವರಿಗೆ ಒಂದು ಒಳ್ಳೆಯ ಕಪ್ ಮಾಡಿ ಕೊಡಬೇಕು ಅಂತ ಆಸೆ, ಅದಕ್ಕೇ ಕೇಳುತ್ತಿದ್ದೇನೆ.

ಎರಡೆಲೆ_ಒಂದುಮೊಗ್ಗು

ಮೇಡಂ, ನಾನು ಗುಂಡ್ಲುಪೇಟೆಯವನು, ಕೂನೂರಿನ ಟೀ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷ ಟೇಸ್ಟಿಂಗ್ ಟೇಬಲ್ಲಿನ ಮುಂದೆ ನಿಂತವನು. ನಿಮ್ಮ ಟೀಯಲ್ಲಿ ತಪ್ಪಿಲ್ಲ, ಮಾಡುವ ರೀತಿ ಬದಲಾಗಬೇಕು ಅಷ್ಟೇ.

ಮೊದಲು ಒಂದು ಪ್ರಯೋಗ ಮಾಡಿ. ಒಂದು ಚಮಚ ಕೇಸರಿಬಾತ್ ತೆಗೆದುಕೊಂಡು, ಮೂಗು ಬಿಗಿಯಾಗಿ ಹಿಡಿದು ಬಾಯಿಗೆ ಹಾಕಿ. ಸಿಹಿ ಗೊತ್ತಾಗುತ್ತದೆ, ಜಿಡ್ಡು ಗೊತ್ತಾಗುತ್ತದೆ, ಅಷ್ಟೇ. ಈಗ ಮೂಗು ಬಿಡಿ. ತುಪ್ಪ, ಏಲಕ್ಕಿ ಎಲ್ಲ ಒಟ್ಟಿಗೆ ಬರುತ್ತದೆ ನೋಡಿ. ನಾವು ರುಚಿ ಅಂತ ಹೇಳುವುದರಲ್ಲಿ ಹೆಚ್ಚಿನ ಪಾಲು ಬಾಯಿಯ ಹಿಂಬದಿಯಿಂದ ಮೂಗಿಗೆ ಹೋಗುವ ವಾಸನೆ. ಕ್ಯಾರಮೆಲ್ ಟೀಯಲ್ಲಿ ಕ್ಯಾರಮೆಲ್ಲಿನ ವಾಸನೆ ಇದೆ, ಸಕ್ಕರೆ ಇಲ್ಲ. ಎಲೆ ಒಣಗಿ ತಯಾರಾದ ಮೇಲೆ ಅದನ್ನು ದೊಡ್ಡ ಡ್ರಮ್ಮಿನಲ್ಲಿ ತಿರುಗಿಸುತ್ತಾ ಫ್ಲೇವರ್ ಸಿಂಪಡಿಸುತ್ತಾರೆ. ಆ ವಾಸನೆ ಎಲೆಯ ಮೇಲೆ ಕೂತಿರುತ್ತದೆ, ಬಿಸಿ ತಾಗಿದ ಕೂಡಲೇ ಏಳುತ್ತದೆ. ನೀವು ಪಾತ್ರೆಯಲ್ಲಿ ಕುದಿಸಿದಿರಿ ಅಲ್ವಾ, ಅದೆಲ್ಲ ಆವಿಯ ಜೊತೆ ಅಡುಗೆಮನೆಗೆ ಹೋಯಿತು.

ನಮ್ಮ ಮನೆಗಳ ಟೀ ಪುಡಿ ಸಿಟಿಸಿ. ಎಲೆಯನ್ನು ಯಂತ್ರದಲ್ಲಿ ಅರೆದು, ಹರಿದು, ಸುರುಳಿ ಮಾಡಿದ ಸಣ್ಣ ಕಾಳು ಅದು. ಹಾಲಿನಲ್ಲಿ ಕುದಿಸಿದರೂ ಜಗ್ಗುವುದಿಲ್ಲ, ಅದಕ್ಕಾಗಿಯೇ ಇರುವ ಟೀ. ನೀವು ತಂದಿರುವುದು ಬಹುಶಃ ಆರ್ಥೊಡಾಕ್ಸ್, ಹೊಸೆದ ಉದ್ದ ಎಲೆ. ಅದನ್ನು ಕುದಿಸಬಾರದು.

ಅಳತೆ ಹೇಳುತ್ತೇನೆ. 200 ಮಿಲಿ ನೀರಿಗೆ ಎರಡೂವರೆ ಗ್ರಾಂ ಎಲೆ, ಅಂದರೆ ಒಂದು ಟೀ ಚಮಚ ತುಂಬ. ನೀರು ಕುದಿದ ಮೇಲೆ ಒಲೆ ಆರಿಸಿ, ಎಲೆಯ ಮೇಲೆ ಸುರಿದು, ಮುಚ್ಚಳ ಮುಚ್ಚಿ. ಮುಚ್ಚಳ ಮುಖ್ಯ, ಮರೆಯಬೇಡಿ. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಆಮೇಲೆ ಎಲೆ ಪೂರ್ತಿ ತೆಗೆಯಿರಿ. ಪರಿಮಳ ಮೊದಲ ಎರಡು ಮೂರು ನಿಮಿಷದಲ್ಲೇ ನೀರಿಗೆ ಇಳಿದಿರುತ್ತದೆ, ಆಮೇಲೆ ಇಳಿಯುವುದು ಬರೀ ಒಗರು. ಫ್ಯಾಕ್ಟರಿಯಲ್ಲಿ ನಾವು 100 ಮಿಲಿಗೆ 2 ಗ್ರಾಂ ಹಾಕಿ ಆರು ನಿಮಿಷ ಬಿಡುತ್ತೇವೆ. ಐಎಸ್‌ಒ 3103 ಅನ್ನುವ ಅಂತರರಾಷ್ಟ್ರೀಯ ಕ್ರಮ ಅದು. ಎಲೆಯ ದೋಷ ಎದ್ದು ಕಾಣಲಿ ಅಂತ ಹಾಗೆ ಮಾಡುವುದು, ಅದನ್ನು ಕುಡಿಯಲಿಕ್ಕಾಗುವುದಿಲ್ಲ, ರುಚಿ ನೋಡಿ ಉಗುಳುತ್ತೇವೆ. ನಿಮ್ಮ ಹತ್ತು ನಿಮಿಷದ ಕಪ್ ಅದಕ್ಕಿಂತ ಕಷ್ಟದ್ದು.

ಕುಡಿಯುವಾಗ ಸ್ವಲ್ಪ ಆರಲು ಬಿಡಿ. ಸುಡುಸುಡು ಇದ್ದರೆ ನಾಲಿಗೆಗೆ ಬಿಸಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆಮೇಲೆ ಸೊರ್ ಅಂತ ಗಾಳಿಯ ಜೊತೆ ಎಳೆದುಕೊಳ್ಳಿ, ಸದ್ದು ಬರಲಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಕ್ಯಾರಮೆಲ್ ಇರುವುದು ಅಲ್ಲಿ.

ಇನ್ನೊಂದು ಮಾತು. ಮುಂದೆ ಕೊಳ್ಳುವಾಗ ಫ್ಲೇವರಿನ ಹೆಸರಿಗಿಂತ ಮೊದಲು ಅದನ್ನು ಹಾಕಿರುವ ಮೂಲ ಟೀ ಎಲೆ ಯಾವುದು ಅಂತ ಕೇಳಿ. ಅಸ್ಸಾಮ್ ಆದರೆ ಮಾಲ್ಟಿನ ಹಾಗೆ ದಪ್ಪ ರುಚಿ, ಚಾಕೊಲೇಟ್, ಕ್ಯಾರಮೆಲ್ಲಿಗೆ ಸರಿಯಾದ ಜೊತೆ. ನೀಲಗಿರಿ, ಸಿಲೋನ್ ಹಗುರ, ವೆನಿಲ್ಲಾ ಮತ್ತು ಹಣ್ಣಿನ ಘಮಕ್ಕೆ ಚೆನ್ನ. ಕೆಲವು ಎಲೆಗಳಿಗೆ ಫ್ಲೇವರೇ ಬೇಡ. ಚೀನಾದ ಕೀಮುನ್ ಟೀಯಲ್ಲಿ ಏನೂ ಸೇರಿಸದೆಯೇ ಕೋಕೋ ನೆನಪಾಗುವ ಘಮ ಇರುತ್ತದೆ. ಒಳ್ಳೆಯ ಎಲೆಯ ಮೇಲೆ ಹದವಾಗಿ ಹಾಕಿದ ಫ್ಲೇವರ್ ಬಗ್ಗೆ ನನಗೆ ಗೌರವ ಇದೆ. ಹಳೆಯ, ಸತ್ವ ಇಲ್ಲದ ಎಲೆಯನ್ನು ಮುಚ್ಚಿಡಲು ಸುರಿದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಎಡಿಸನ್_ಅಕ್ಕ

ಸರ್ ಹೇಳಿದ್ದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ನ್ಯೂಜೆರ್ಸಿಯಲ್ಲಿದ್ದೇನೆ, ರಾತ್ರಿ ಊಟ ಆದ ಮೇಲೆ ಸಿಹಿ ಬೇಕು ಅನ್ನಿಸುವ ಅಭ್ಯಾಸ ಬಿಡಲು ಶುರು ಮಾಡಿದ್ದು ಈ ಟೀಗಳನ್ನು. ಈಗ ಆರು ವರ್ಷ ಆಯಿತು, ಬಿಟ್ಟಿಲ್ಲ.

ನನಗೆ ಇಷ್ಟವಾದವು ಹೇಳುತ್ತೇನೆ. ಇಲ್ಲಿನ ಟೀ ಕಂಪನಿ ಹಾರ್ನಿ ಅಂಡ್ ಸನ್ಸ್ ಅವರ 'ಪ್ಯಾರಿಸ್', ಅದರಲ್ಲಿ ವೆನಿಲ್ಲಾ, ಕ್ಯಾರಮೆಲ್ ಜೊತೆ ಬರ್ಗಮಾಟ್ ಅನ್ನುವ ಹುಳಿಹಣ್ಣಿನ ಸಿಪ್ಪೆಯ ಘಮ ಸ್ವಲ್ಪ ಇದೆ, ಹಾಗಾಗಿ ಮುಖಕ್ಕೆ ಹೊಡೆಯುವುದಿಲ್ಲ. ಅವರದೇ 'ಹಾಟ್ ಸಿನಮನ್ ಸ್ಪೈಸ್' ಮೊದಲ ಸಲ ಕುಡಿದಾಗ ಸಕ್ಕರೆ ಹಾಕಿದ್ದೀರಾ ಅಂತ ಯಜಮಾನರು ಕೇಳಿದರು. ಒಂದು ಕಾಳೂ ಇರಲಿಲ್ಲ. ಚಕ್ಕೆಗೆ ಆ ಗುಣ ಇದೆ. ಪ್ಯಾರಿಸ್ಸಿನ ಮರಿಯಾಜ್ ಫ್ರೆರ್ ಅವರ 'ವೆಡ್ಡಿಂಗ್ ಇಂಪೀರಿಯಲ್' ಅಸ್ಸಾಮ್ ಎಲೆಯ ಮೇಲೆ ಚಾಕೊಲೇಟ್, ಕ್ಯಾರಮೆಲ್. ಬೆಲೆ ಜಾಸ್ತಿ, ಆದರೆ ಹಾಲು ಹಾಕಿದರೂ ಟೀ ರುಚಿ ಉಳಿಯುತ್ತದೆ. ನಿಮಗೆ ಅಲ್ಲಿ ಸುಲಭವಾಗಿ ಸಿಗಬಹುದು.

ಕೇಕಿನ ಹೆಸರು ನೋಡಿ ಮರುಳಾಗಬೇಡಿ. ಒಮ್ಮೆ ನಾವು ನಾಲ್ಕು ಜನ ಗೆಳತಿಯರು ಲೇಬಲ್ ಮುಚ್ಚಿ ಆರು ಬಗೆ ಕುಡಿದು ನೋಡಿದೆವು. ಚೀಸ್‌ಕೇಕ್, ಕ್ರೆಮ್ ಬ್ರೂಲೆ, ಬರ್ತ್‌ಡೇ ಕೇಕ್ ಈ ಮೂರರಲ್ಲಿ ಯಾವುದು ಯಾವುದು ಅಂತ ಒಬ್ಬರಿಗೂ ಹೇಳಲಾಗಲಿಲ್ಲ. ಮೂರರಲ್ಲೂ ಎದ್ದು ಬಂದದ್ದು ವೆನಿಲ್ಲಾ, ಸ್ವಲ್ಪ ಬೆಣ್ಣೆ ಘಮ. ಪುದೀನ, ಚಕ್ಕೆ, ಬಾದಾಮಿ ಮಾತ್ರ ಕಣ್ಣು ಮುಚ್ಚಿಯೂ ಸಿಕ್ಕವು. ಹಾಗಾಗಿ ವೆನಿಲ್ಲಾ ಒಂದು, ಚಾಕೊಲೇಟ್ ಒಂದು, ಮಸಾಲೆಯದ್ದು ಒಂದು ಇಟ್ಟುಕೊಂಡರೆ ಸಾಕು ಅನ್ನುವುದು ನನ್ನ ಲೆಕ್ಕ.

ಮೇಪಲ್ ಟೀ ಡಬ್ಬಿ ತೆರೆದ ದಿನ ಮನೆಯಲ್ಲಿ ಎಲ್ಲರೂ ಮೆಂತ್ಯದ ಹಿಟ್ಟಾ ಅಂತ ಕೇಳಿದರು! ಆಮೇಲೆ ಓದಿದೆ, ಮೆಂತ್ಯಕ್ಕೂ ಮೇಪಲ್ ಪಾಕಕ್ಕೂ ಆ ಘಮ ಕೊಡುವುದು ಸೊಟೊಲಾನ್ ಅನ್ನುವ ಒಂದೇ ವಸ್ತುವಂತೆ. ಅವತ್ತಿಂದ ನನಗೆ ಅದು ಮೆಂತ್ಯದ ದೋಸೆ ಟೀ.

ಹಾಲು ಬೇಕೇ ಬೇಕು ಅನ್ನುವವರಿಗೆ ವ್ಯಾಂಕೂವರಿನಲ್ಲಿ ಹುಟ್ಟಿದ 'ಲಂಡನ್ ಫಾಗ್' ಮಾಡಿ. ಅರ್ಲ್ ಗ್ರೇ, ಅಂದರೆ ಬರ್ಗಮಾಟ್ ಘಮದ ಬ್ಲ್ಯಾಕ್ ಟೀ, ಗಟ್ಟಿಯಾಗಿ ನೆನೆಸಿ, ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿದ ಹಾಲು, ಸ್ವಲ್ಪ ವೆನಿಲ್ಲಾ ಪಾಕ. ಟೀ ಕುದಿಯುವುದಿಲ್ಲ, ಹಾಲೂ ಸಿಗುತ್ತದೆ. ದಾಸವಾಳ ಇರುವ ಹಣ್ಣಿನ ಟೀಗೆ ಮಾತ್ರ ಹಾಲು ಹಾಕಬೇಡಿ, ಹುಳಿಗೆ ಒಡೆಯುತ್ತದೆ.

ಮುಖ್ಯ ಮಾತು, ಬಾದಾಮಿ ಟೀ ಅಂದಿರಲ್ಲ, ಅದರಲ್ಲಿ ನಿಜವಾದ ಬಾದಾಮಿ, ಹೇಜಲ್‌ನಟ್ ಚೂರು ಇರಬಹುದು. ಮನೆಗೆ ಬರುವವರಿಗೆ ಅಲರ್ಜಿ ಇದೆಯಾ ಅಂತ ಕೇಳಿಯೇ ಕೊಡಿ.

ಎಲ್ಬೆ_ದಂಡೆ

ಸರ್, ಅಕ್ಕ, ತುಂಬಾ ಥ್ಯಾಂಕ್ಸ್. ಮುಚ್ಚಳ ಮುಚ್ಚುವುದು ನನಗೆ ಹೊಳೆದೇ ಇರಲಿಲ್ಲ. ಪೊಟ್ಟಣ ತಿರುಗಿಸಿ ನೋಡಿದೆ, ಒಂದರ ಮೇಲೆ ಸುಮ್ನೆ 'ಆರೋಮಾ' ಅಂತಿದೆ, ಇನ್ನೊಂದರ ಮೇಲೆ 'ನೈಸರ್ಗಿಕ ವೆನಿಲ್ಲಾ ಆರೋಮಾ' ಅಂತ ಜರ್ಮನ್‌ನಲ್ಲಿದೆ. ವ್ಯತ್ಯಾಸ ಇದೆಯಾ?

ಶಿರಸಿ_ತೋಟ

ಇದೆ ತಂಗಿ, ದೊಡ್ಡ ವ್ಯತ್ಯಾಸ. ಯುರೋಪಿನ ಕಾನೂನಿನಲ್ಲಿ ನೈಸರ್ಗಿಕ ವೆನಿಲ್ಲಾ ಆರೋಮಾ ಅಂತ ಬರೆಯಬೇಕಾದರೆ ಆ ಫ್ಲೇವರಿನ ನೂರಕ್ಕೆ ಕನಿಷ್ಠ 95 ಭಾಗ ವೆನಿಲ್ಲಾ ಕಾಯಿಂದಲೇ ಬಂದಿರಬೇಕು. ಬರೀ ಆರೋಮಾ ಅಂತಿದ್ದರೆ ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್ (ವೆನಿಲ್ಲಾ ಘಮ ಕೊಡುವ ವಸ್ತು) ಕೂಡ ಆಗಬಹುದು. ಅದು ವಿಷ ಅಲ್ಲ, ಕೆಟ್ಟದ್ದೂ ಅಲ್ಲ. ಆದರೆ ವೆನಿಲ್ಲಾ ಬೆಳೆದವನಿಗೆ ಎರಡೂ ಒಂದೇ ಅಂತ ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಕಡೆ 2003ರ ಹೊತ್ತಿಗೆ ವೆನಿಲ್ಲಾ ಹುಚ್ಚು ಹಿಡಿದಿತ್ತು. ಮಡಗಾಸ್ಕರ್‌ನಲ್ಲಿ ಚಂಡಮಾರುತಕ್ಕೆ ಬೆಳೆ ಹೋಗಿ, ಇಲ್ಲಿ ಹಸಿ ಕಾಯಿಗೇ ಕಿಲೋಗೆ ಸಾವಿರಾರು ರೂಪಾಯಿ. ಅಪ್ಪ ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುತ್ತಿದ್ದರು. ಹೂ ಅರಳುವುದು ಒಂದೇ ದಿನ, ಬೆಳಗ್ಗೆ. ನಮ್ಮಲ್ಲಿ ಅದಕ್ಕೆ ಪರಾಗಸ್ಪರ್ಶ ಮಾಡುವ ಹುಳ ಇಲ್ಲ, ಚೂಪು ಕಡ್ಡಿಯಿಂದ ಒಂದೊಂದೇ ಹೂ ಬಿಡಿಸಿ ಕೈಯಲ್ಲೇ ಮಾಡಬೇಕು. ಆ ಉಪಾಯ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ, ಆಗ ಅವನಿಗೆ 12 ವರ್ಷ, ಗುಲಾಮನಾಗಿದ್ದ ಹುಡುಗ. ನಮ್ಮಮ್ಮ ಕೂಡ ಅದೇ ಕೈಚಳಕದಿಂದ ಬೆಳಗ್ಗೆ ಹತ್ತರೊಳಗೆ ನೂರಾರು ಹೂ ಮುಗಿಸುತ್ತಿದ್ದಳು. ಕಾಯಿ ಬಲಿಯಲು ಎಂಟೊಂಬತ್ತು ತಿಂಗಳು. ಹಸಿ ಕಾಯಿಗೆ ವಾಸನೆಯೇ ಇಲ್ಲ ಗೊತ್ತಾ! ಬಿಸಿನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಲು ಬಿಟ್ಟು, ದಿನಾ ಸ್ವಲ್ಪ ಹೊತ್ತು ಬಿಸಿಲು ತೋರಿಸಿ, ತಿಂಗಳುಗಟ್ಟಲೆ ಹದ ಮಾಡಿದ ಮೇಲೆ ಕಾಯಿ ಕಪ್ಪಾಗಿ ಘಮ ಏಳುತ್ತದೆ. ಆಮೇಲೆ ಎರಡೇ ವರ್ಷದಲ್ಲಿ ಬೆಲೆ ನೆಲಕಚ್ಚಿತು, ಬಹಳ ಜನ ಬಳ್ಳಿ ಕಿತ್ತರು. ನಮ್ಮ ಮನೆಯಲ್ಲಿ ಹತ್ತು ಬಳ್ಳಿ ಉಳಿಸಿಕೊಂಡಿದ್ದೇವೆ, ಮನೆ ಖರ್ಚಿಗೆ.

ಚಾ ಡಬ್ಬಿಗೆ ನಾವು ಮಾಡುವ ಕ್ರಮ ಇದು. ಹದ ಮಾಡಿದ ಒಂದು ವೆನಿಲ್ಲಾ ಕಾಯಿಯನ್ನು ಉದ್ದಕ್ಕೆ ಸೀಳಿ, ಸಣ್ಣಗೆ ಕತ್ತರಿಸಿ, 100 ಗ್ರಾಂ ಒಳ್ಳೆಯ ಎಲೆ ಚಹಾದಲ್ಲಿ ಕಲಸಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಎರಡು ವಾರ ಇಡಿ. ಎರಡು ದಿನಕ್ಕೊಮ್ಮೆ ಅಲುಗಾಡಿಸಿ. ಚಹಾ ಎಲೆ ಸುತ್ತ ಇರುವ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಚೀನಾದವರು ಮಲ್ಲಿಗೆ ಹೂವಿನ ಜೊತೆ ಎಲೆ ಇಟ್ಟು ಮಲ್ಲಿಗೆ ಚಹಾ ಮಾಡುವುದು ಇದೇ ಗುಣದಿಂದ. ಅದಕ್ಕೇ ನಿಮ್ಮ ಐದು ಪೊಟ್ಟಣಗಳನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ಮಸಾಲೆ ಕಪಾಟಿನಲ್ಲಂತೂ ಬೇಡವೇ ಬೇಡ. ಅಂಗಡಿ ಟೀಯ ಹಾಗೆ ಮುಖಕ್ಕೆ ರಾಚುವ ಘಮ ಇದರಲ್ಲಿ ಬರುವುದಿಲ್ಲ. ನುಂಗಿದ ಮೇಲೆ ನಿಧಾನಕ್ಕೆ ಬರುತ್ತದೆ.

ಎಲ್ಬೆ_ದಂಡೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಐದನ್ನೂ ಒಂದೊಂದಾಗಿ ಸರ್ ಹೇಳಿದ ಅಳತೆಯಲ್ಲಿ, ಮುಚ್ಚಳ ಮುಚ್ಚಿ, ಗಡಿಯಾರ ನೋಡಿಕೊಂಡು ಮಾಡಿದೆ.

ವೆನಿಲ್ಲಾ ಮೂರು ನಿಮಿಷದಲ್ಲಿ ಬಹಳ ಚೆನ್ನಾಗಿ ಬಂತು, ಹಾಲೂ ಬೇಡ, ಸಕ್ಕರೆಯೂ ಬೇಡ. ಮೂಗಿನಿಂದ ಉಸಿರು ಬಿಟ್ಟಾಗ ಸರ್ ಹೇಳಿದ ಹಾಗೆಯೇ ಘಮ ತುಂಬಿ ಬಂತು, ಒಬ್ಬಳೇ ನಕ್ಕುಬಿಟ್ಟೆ. ತಿರಾಮಿಸುವಿನಲ್ಲಿ ಕಾಫಿ ಘಮ ಬಿಟ್ಟರೆ ಏನೂ ಸಿಗಲಿಲ್ಲ, ಅದಕ್ಕಿಂತ ನಮ್ಮ ಫಿಲ್ಟರ್ ಕಾಫಿಯೇ ಸೈ. ಚಾಕೊಲೇಟಿನ ಮೇಲೆ ಸಣ್ಣಗೆ ಎಣ್ಣೆಯ ಪದರ ತೇಲಿತು, ನೋಡಿದರೆ ಅದರಲ್ಲಿ ನಿಜವಾದ ಚಾಕೊಲೇಟ್ ಚೂರುಗಳಿವೆ. ಸ್ವಲ್ಪ ಹಾಲು ಬಿದ್ದ ಮೇಲೆ ಸರಿಹೋಯಿತು. ಬಾದಾಮಿಯದ್ದು ಪರವಾಗಿಲ್ಲ.

ಕ್ಯಾರಮೆಲ್ ಮಾತ್ರ ಎರಡು ಸಲ ಮಾಡಿದರೂ ಏನೋ ಕಡಿಮೆ ಅನ್ನಿಸಿತು. ಆಫೀಸಿನಲ್ಲಿ ಜೊತೆಗಿರುವವರೊಬ್ಬರು ಓಸ್ಟ್‌ಫ್ರೀಸ್‌ಲ್ಯಾಂಡಿನವರು. ಜರ್ಮನಿಯ ಉತ್ತರ ಕರಾವಳಿಯ ಆ ಕಡೆ ವರ್ಷಕ್ಕೆ ಒಬ್ಬೊಬ್ಬರು ಸುಮಾರು 300 ಲೀಟರ್ ಟೀ ಕುಡಿಯುತ್ತಾರಂತೆ! ಅವರಲ್ಲಿ ಕಪ್ಪಿನ ತಳಕ್ಕೆ ಮೊದಲು ದೊಡ್ಡ ಕಲ್ಲುಸಕ್ಕರೆ ಹಾಕುತ್ತಾರೆ, ಅದಕ್ಕೆ ಕ್ಲುಂಟ್ಯೆ ಅಂತ ಹೆಸರು. ಅದರ ಮೇಲೆ ಅಸ್ಸಾಮ್ ಎಲೆಯ ಗಟ್ಟಿ ಟೀ ಸುರಿದಾಗ ಕಲ್ಲು ಚಟಪಟ ಅಂತ ಬಿರಿಯುತ್ತದೆ. ಆಮೇಲೆ ಅಂಚಿನಿಂದ ಒಂದು ಚಮಚ ಕೆನೆ ಬಿಡುತ್ತಾರೆ, ಅದು ಮೋಡದ ಹಾಗೆ ಮೇಲೆದ್ದು ಬರುತ್ತದೆ. ಕಲಕುವ ಹಾಗಿಲ್ಲ. ಮೊದಲ ಗುಟುಕಿಗೆ ಕೆನೆ, ನಡುವೆ ಟೀ, ಕೊನೆಗೆ ಸಿಹಿ.

ಅದೇ ಕ್ರಮದಲ್ಲಿ ಕ್ಯಾರಮೆಲ್ ಟೀ ಮಾಡಿದೆ. ಎಲೆಯ ಅಳತೆ ಸ್ವಲ್ಪ ಹೆಚ್ಚಿಸಿ, ನಾಲ್ಕು ನಿಮಿಷ ಬಿಟ್ಟೆ. ಕೊನೆಯ ಗುಟುಕಿನಲ್ಲಿ ಕಲ್ಲುಸಕ್ಕರೆಯ ಸಿಹಿ ಮತ್ತು ಆ ಘಮ ಸೇರಿದಾಗ ಕ್ಯಾರಮೆಲ್ ಅಂದರೆ ಕ್ಯಾರಮೆಲ್ಲೇ! ಅಮ್ಮನಿಗೆ ಇದನ್ನೇ ಮಾಡಿ ಕೊಡುತ್ತೇನೆ. ಕಲಕಬೇಡಮ್ಮ ಅಂತ ಹೇಳಿ ಒಪ್ಪಿಸುವುದೊಂದೇ ಉಳಿದಿದೆ.

ಶಿರಸಿ ಅಣ್ಣ, ನಿಮ್ಮ ಕಡೆಯ ಹದ ಮಾಡಿದ ವೆನಿಲ್ಲಾ ಕಾಯಿ ಎರಡನ್ನು ಹುಡುಕಿ ತರಲು ಅಪ್ಪನಿಗೆ ಹೇಳಿದ್ದೇನೆ. ಡಬ್ಬಿ ತೊಳೆದು ಒಣಗಿಸಿ ಇಟ್ಟಿದ್ದೇನೆ.

ಶಿರಸಿ_ತೋಟ

ಕಾಯಿ ಬಗ್ಗಿಸಿದರೆ ಬಳುಕಬೇಕು, ಲಟಕ್ ಅಂತ ಮುರಿದರೆ ಒಣಗಿಹೋಗಿದೆ ಅಂತ ಅರ್ಥ. ಅಪ್ಪನಿಗೆ ಇಷ್ಟು ಹೇಳಿ ಕಳಿಸು.