ಪ್ರಶ್ನೋತ್ತರ: ಹದಿಹರೆಯದ ಮಕ್ಕಳ ಮನಸ್ಸಿಗೆ ಊರು ಹೇಗೆ ಆಸರೆಯಾಗಬಹುದು?

ಪ್ರಶ್ನೆ (ಹೈಸ್ಕೂಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು, ಶಿಡ್ಲಘಟ್ಟ ತಾಲೂಕು): ನಮಸ್ಕಾರ ಮೇಡಂ. ನಮ್ಮದು ರೇಷ್ಮೆ ಬೆಳೆಯುವ ಊರು. ಒಂಬತ್ತು, ಹತ್ತನೇ ಕ್ಲಾಸಿನ ಕೆಲವು ಮಕ್ಕಳು ಈಚೆಗೆ ಯಾರ ಜೊತೆಗೂ ಸೇರುತ್ತಿಲ್ಲ. ಒಬ್ಬಳು ಹುಡುಗಿ ಊಟ ಬಿಟ್ಟು ಕೂತಳು. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಯುವಕ ಸಂಘದಿಂದ ಒಂದು ದಿನ ಶಾಮಿಯಾನ ಹಾಕಿಸಿ, ಒಳ್ಳೆ ಭಾಷಣಕಾರರನ್ನು ಕರೆಸೋಣ ಅಂತಿದ್ದೇವೆ. ನೀವು ಬರಬಹುದಾ?

ಉತ್ತರ (ಆಪ್ತ ಸಮಾಲೋಚಕಿ): ಬರುತ್ತೇನೆ. ಆದರೆ ಭಾಷಣಕ್ಕೆ ಬೇಡ. ಮೊದಲು ಊರಿನ ದೊಡ್ಡವರ ಜೊತೆ ಕೂತು ಮಾತಾಡಬೇಕು.

ನನ್ನ ಹತ್ತಿರ ಬರುವ ಮಕ್ಕಳು ಹೆಚ್ಚಾಗಿ ಹೇಳುವ ಮಾತು ಒಂದೇ: "ಮಿಸ್, ಯಾರಿಗಾದರೂ ಹೇಳಿಕೊಂಡರೆ ಸಂಜೆ ಹಾಲು ಹಾಕೋ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿರುತ್ತೆ." ಡೇರಿ ಮುಂದೆ ಕ್ಯಾನ್ ಇಟ್ಟುಕೊಂಡು ನಿಂತವರು ಮಾತಾಡುವುದು ಸಹಜ. ಆದರೆ "ಆ ಮನೆ ಹುಡುಗಿಗೆ ತಲೆ ಸರಿ ಇಲ್ಲವಂತೆ" ಅನ್ನುವ ಒಂದು ಮಾತು ಸಾಕು. ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಅವಳನ್ನು ನೋಡಿದ ಬೇರೆ ಮಕ್ಕಳೂ ಬಿಡುವುದಿಲ್ಲ. ಒಂದು ಮಗುವಿನ ಕಷ್ಟ ಕೇಳಿದವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನುವ ನಂಬಿಕೆ ಊರಲ್ಲಿ ಹುಟ್ಟಬೇಕು. ಅದು ಇಲ್ಲದೆ ಎಷ್ಟು ಶಿಬಿರ ಮಾಡಿದರೂ ಮಕ್ಕಳು ಸುಮ್ನೆ ಕೂತು ಎದ್ದು ಹೋಗುತ್ತಾರೆ.

ಹಾಗಾಗಿ ಮಕ್ಕಳನ್ನೇ ಕೇಳಿ, ಯಾರ ಹತ್ತಿರ ಮಾತಾಡಲು ಧೈರ್ಯ ಬರುತ್ತೆ ಅಂತ. ಪಿಟಿ ಮೇಷ್ಟ್ರು ಇರಬಹುದು, ಅಂಗನವಾಡಿ ಟೀಚರ್ ಇರಬಹುದು, ಕಬಡ್ಡಿ ಆಡಿಸುವ ಅಣ್ಣ ಇರಬಹುದು. ಅಂಥ ನಾಲ್ಕೈದು ಜನ ಸಿಕ್ಕರೆ, ಕೇಳಿಸಿಕೊಳ್ಳುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ.

ಇನ್ನೊಂದು ವಿಷಯ, ನಿಮ್ಮ ಕಡೆಯದೇ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಮನೆಮಂದಿಯೆಲ್ಲ ಸೊಪ್ಪು ಕೊಯ್ಯುತ್ತಾರೆ, ರಾತ್ರಿ ಹೊತ್ತೂ ಎದ್ದು ಹಾಕುತ್ತಾರೆ. ಹುಳು ಹಣ್ಣಾದಾಗ ಅದನ್ನು ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುವ ಕೆಲಸ ಬೇರೆ. ಹತ್ತನೇ ಕ್ಲಾಸಿನ ಹುಡುಗಿ ಅದರಲ್ಲೇ ಎದ್ದು, ಬೆಳಿಗ್ಗೆ ಬಸ್ ಹಿಡಿದು ಕ್ಲಾಸಲ್ಲಿ ತೂಕಡಿಸುತ್ತಾಳೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟರೆ ಸಿಟ್ಟು, ಅಳು ಎರಡೂ ಜಾಸ್ತಿಯಾಗುತ್ತವೆ. ಪರೀಕ್ಷೆ ಸಮಯದಲ್ಲಾದರೂ ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಅಂತ, ಬಂದರೆ ಆ ಮಗು ಮಲಗಬಹುದು, ಅಲ್ವಾ?

ಪ್ರಶ್ನೆ (ತಾಯಿ, ಚಿಂತಾಮಣಿ): ನನ್ನ ಮಗ ಪಿಯುಸಿ. ಮಾತಾಡಿಸಿದರೆ ರೇಗುತ್ತಾನೆ, ರೂಮಿಂದ ಆಚೆ ಬರಲ್ಲ. ವಯಸ್ಸಿನ ಗುಣವೋ ಕಾಯಿಲೆಯೋ ಹೇಗೆ ಗೊತ್ತಾಗೋದು?

ಉತ್ತರ: ಒಂದೆರಡು ದಿನ ರೇಗುವುದು ವಯಸ್ಸಿನ ಗುಣ. ಎರಡು ವಾರವಾದರೂ ಹಾಗೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟವಾಗಿದ್ದ ಕ್ರಿಕೆಟ್, ಗೆಳೆಯರು ಯಾವುದೂ ಬೇಡವಾಗಿದ್ದರೆ ತೋರಿಸಿ. ಈ ವಯಸ್ಸಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಟ್ಟಾಗಿ ಕಾಣುತ್ತದೆ. ತಾಲೂಕು ಆಸ್ಪತ್ರೆಯಲ್ಲಿ ಸ್ನೇಹ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ, ಅದು 10ರಿಂದ 19 ವರ್ಷದವರಿಗೇ ಇರುವುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ನೀವೇ ಮೊದಲು ಫೋನ್ ಮಾಡಿ ಮಾತಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಆಶಾ ಕಾರ್ಯಕರ್ತೆ, ಬಾಗೇಪಲ್ಲಿ ಕಡೆ): "ಸಾಯೋಣ ಅನಿಸುತ್ತಾ" ಅಂತ ಕೇಳಲು ನನಗೆ ಭಯ. ಕೇಳಿ ನಾನೇ ತಲೆಗೆ ಹಾಕಿದ ಹಾಗಾದರೆ?

ಉತ್ತರ: ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೇ ಇಟ್ಟುಕೊಂಡವರಿಗೆ ಭಾರ ಇಳಿಸಿದ ಹಾಗಾಗುತ್ತದೆ. ಪಕ್ಕದಲ್ಲಿ ಕೂತು, ಮೆತ್ತಗೆ, ನೇರವಾಗಿ ಕೇಳಿ. ಹೌದು ಅಂದರೆ ಬೈಬೇಡಿ, ಬುದ್ಧಿ ಹೇಳಬೇಡಿ, ಒಬ್ಬರನ್ನೇ ಬಿಟ್ಟು ಬರಬೇಡಿ. ಮನೆಯಲ್ಲಿ ನಂಬುವ ಒಬ್ಬರನ್ನು ಕರೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದರ ಜೊತೆಗೇ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ಹಿಪ್ಪುನೇರಳೆ, ಟೊಮೆಟೊ, ದ್ರಾಕ್ಷಿಗೆ ಹೊಡೆಯುವ ಔಷಧಿ ಬಾಟಲಿಗಳು ನಮ್ಮ ಮನೆಗಳಲ್ಲಿ ಜಗಲಿ ಮೇಲೆ, ಮಂಚದ ಕೆಳಗೆ, ಹುಳುಮನೆ ಕಿಟಕಿಯಲ್ಲಿ ಇರುತ್ತವೆ. ಅವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ದೊಡ್ಡವರ ಹತ್ತಿರ ಇರಲಿ. ಬೇಕಾದಷ್ಟೇ ತನ್ನಿ. ದುಡುಕಿನ ಆ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದು. ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಫಲಿತಾಂಶದ ದಿನ ಇದು ಇನ್ನೂ ಮುಖ್ಯ. ಅಂದು ಯಾವ ಮಗುವಿಗೂ "ಎಷ್ಟು ಬಂತು" ಅಂತ ಬೀದಿಯಲ್ಲಿ ನಿಲ್ಲಿಸಿ ಕೇಳಬೇಡಿ. ಫೇಲಾದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ. ಅದನ್ನು ಫಲಿತಾಂಶ ಬರುವ ಮುಂಚೆಯೇ ಹೇಳಿಟ್ಟಿರಿ.

ಪ್ರಶ್ನೆ (ಒಬ್ಬ ವಿದ್ಯಾರ್ಥಿನಿ): ನಾನು ಹೇಳಿದ್ದನ್ನು ಅಪ್ಪ ಅಮ್ಮನಿಗೆ ಹೇಳಲ್ಲ ಅಂತ ಮಾತು ಕೊಡುತ್ತೀರಾ?

ಉತ್ತರ: ಪುಟ್ಟಾ, ಪೂರ್ತಿ ಮಾತು ಕೊಟ್ಟರೆ ಸುಳ್ಳಾಗುತ್ತದೆ. ನಿನ್ನ ಜೀವಕ್ಕೆ ಅಪಾಯವಿದ್ದರೆ, ಅಥವಾ ಯಾರಾದರೂ ನಿನ್ನ ಮೈಮುಟ್ಟಿ ತೊಂದರೆ ಕೊಡುತ್ತಿದ್ದರೆ ನಾನು ಸುಮ್ಮನಿರಲಾರೆ. ಆಗಲೂ ಯಾರಿಗೆ ಹೇಳುತ್ತೇನೆ, ಯಾಕೆ ಅಂತ ಮೊದಲು ನಿನಗೇ ಹೇಳುತ್ತೇನೆ. ಉಳಿದದ್ದೆಲ್ಲ ನನ್ನ ಹತ್ತಿರವೇ ಇರುತ್ತದೆ. ಎಲ್ಲರೂ ಓದುವ ಈ ಗುಂಪಿನಲ್ಲಿ ಬರೆಯಬೇಡ, ನನಗೆ ಮಾತ್ರ ಮೆಸೇಜ್ ಮಾಡು. ನಾನು ಸಿಗದಿದ್ದರೆ 1098 ಮಕ್ಕಳಿಗೇ ಇರುವ ಸಹಾಯವಾಣಿ. ಯಾವ ಹೊತ್ತಿಗಾದರೂ ಮಾಡಬಹುದು.

ಎಸ್‌ಡಿಎಂಸಿ ಸದಸ್ಯರು: ಶಾಮಿಯಾನ ಬೇಡ ಅಂತ ಹೇಳಿದೆ ಮೇಡಂ. ಭಾನುವಾರ ಶಾಲೆಯಲ್ಲೇ ದೊಡ್ಡವರು ಸೇರುತ್ತೇವೆ. ಆ ದುಡ್ಡಲ್ಲಿ ಬೀಗದ ಪೆಟ್ಟಿಗೆ ಕೊಳ್ಳಬಹುದಾ ಅಂತ ಯೋಚನೆ.

ಉತ್ತರ: ತುಂಬಾ ಒಳ್ಳೇದು. ಹೆಂಗಸರ ಸ್ವಸಹಾಯ ಸಂಘದವರನ್ನೂ ಕರೆಯಿರಿ. ಮನೆಯಲ್ಲಿ ಬಾಟಲಿ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಊಟ ಬಿಟ್ಟಿದ್ದ ಆ ಹುಡುಗಿಯ ವಿಷಯ ಮಾತ್ರ ಸಭೆಯಲ್ಲಿ ಎತ್ತಬೇಡಿ. ಅವಳ ಅಮ್ಮನಿಗೆ ನನ್ನ ನಂಬರ್ ಕೊಡಿ. ತಾಯತ ಇದ್ದರೆ ಇರಲಿ, ಅದರ ಜೊತೆಗೇ ಡಾಕ್ಟರ ಹತ್ತಿರವೂ ಹೋಗಿಬರಲಿ.