ಒಂದೇ ಸೆಂಟು: ಮಗಳಿಗೆ ಬಾಂಬೆ ಮಿಠಾಯಿ, ಅತ್ತೆಗೆ ದವಾಖಾನೆ! ಬಳ್ಳಾರಿ ಬಿಸಿಲಿಗೆ ಇದು ನಡೆಯುತ್ತಾ?

ಕೌಲ್‌ಬಜಾರ್ ಅಕ್ಕ (ಬಳ್ಳಾರಿ):

ನಮ್ಮ ಮೈದುನ ಶಾರ್ಜಾದಿಂದ ಬರುವಾಗ ಒಂದು ಸೆಂಟು ತಂದುಕೊಟ್ಟಿದ್ದಾನೆ. ಫ್ರಾನ್ಸಿನ ಬ್ಯಾಕರಾ ರೂಜ್ 540 ಅಂತ ಇದೆಯಲ್ಲ, ಅದೇ ವಾಸನೆ ಬರೋ ಹಾಗೆ ದುಬೈ ಕಡೆಯವರು ಮಾಡಿದ್ದು. ಅಸಲಿ ಕೊಳ್ಳೋ ತಾಕತ್ತು ನಮಗಿಲ್ಲ ಬಿಡಿ. ಡಬ್ಬಿ ಮೇಲೆ ಗಂಡಸರಿಗೂ ಹೆಂಗಸರಿಗೂ ಅಂತ ಬರೆದಿದೆ. ಹಾಗಾಗಿ ನಾನೂ ನಮ್ಮ ಮನೆಯವರೂ ಒಂದೇ ಬಾಟಲಿ ಬಳಸುತ್ತೇವೆ.

ನನಗಂತೂ ಹುಚ್ಚು ಹಿಡಿಸಿದೆ. ಕೇಸರಿ, ಸುಟ್ಟ ಸಕ್ಕರೆ, ಹಿಂದೆ ಎಲ್ಲೋ ಮರದ ವಾಸನೆ. ನಮ್ಮ ಮನೆಯವರ ಮೈಮೇಲೆ ಸಿಹಿ ಕಮ್ಮಿ, ಮರ ಜಾಸ್ತಿ. ಮಗಳು ಬಾಂಬೆ ಮಿಠಾಯಿ ಅನ್ನುತ್ತಾಳೆ. ಅತ್ತೆ ಮಾತ್ರ ಮೂಗಿಗೆ ಸೆರಗು ಹಿಡಿದು “ಯಾರನ್ನ ದವಾಖಾನಿಗೆ ಕರ್ಕೊಂಡು ಹೋಗಿದ್ದಿ?” ಅಂದರು. ಟಿಂಚರ್ ವಾಸನೆಯಂತೆ!

ಇನ್ನೊಂದು ತಾಪತ್ರಯ. ನಾನು ಜೀನ್ಸ್ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವವಳು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಹೊತ್ತಿಗೆ ನನ್ನ ಮೂಗಿಗೆ ವಾಸನೆ ನಿಂತೇ ಹೋಗಿರುತ್ತದೆ. ಸಂಜೆ ವಾಪಸ್ ಬಂದರೆ ಮಗಳು ಒಳಗಿನಿಂದಲೇ “ಅಮ್ಮ ಬಂದ್ಳು” ಅನ್ನುತ್ತಾಳೆ, ನಾನಿನ್ನೂ ಗೇಟು ತೆಗೆದಿರೋದಿಲ್ಲ. ಸೆಂಟು ಹೊಡೆದ ಸೀರೆಯೊಂದನ್ನು ಮಡಿಚಿ ಬೀರುವಿನಲ್ಲಿಟ್ಟಿದ್ದೆ. ಈಗ ಪಕ್ಕದಲ್ಲಿದ್ದ ಅತ್ತೆಯ ಇಳಕಲ್ ಸೀರೆಗೂ ಅದೇ ವಾಸನೆ. ಮನೆಯಲ್ಲಿ ಯುದ್ಧ.

ನಮ್ಮೂರ ಬಿಸಿಲಿಗೆ ಇಷ್ಟು ಗಟ್ಟಿ ಸೆಂಟು ನಡೆಯುತ್ತಾ? ಎಷ್ಟು ಹೊಡೆದುಕೊಳ್ಳಬೇಕು? ಬಳಸಿದವರು ಹೇಳಿ.

ರೈಲು ಪಾಸ್ (ಕೊಪ್ಪಳ):

ಮೇಡಂ, ಬೇಜಾರು ಮಾಡ್ಕೋಬೇಡಿ. ನಾನು ದಿನಾ ಕೊಪ್ಪಳ–ಹೊಸಪೇಟೆ ಓಡಾಡುವವನು. ಗಿಣಿಗೇರಾದಲ್ಲಿ ಒಬ್ಬ ಹುಡುಗ ಹತ್ತುತ್ತಾನೆ, ಅವನದೂ ಇದೇ ಜಾತಿ ಸೆಂಟು. ಅವನ ಮುಖ ಕಾಣೋ ಮುಂಚೆ ವಾಸನೆ ಬಂದು ಪಕ್ಕದಲ್ಲಿ ಕೂತಿರುತ್ತದೆ. ಮುನಿರಾಬಾದ್ ಬರುವಷ್ಟರಲ್ಲಿ ನನಗೆ ಅರೆತಲೆನೋವು ಶುರು. ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತೇನೆ. ಕಿಟಕಿ ತೆಗೆದರೆ ಬೆವರಿನ ವಾಸನೆಯಾದರೂ ಹೋಗುತ್ತದೆ, ಇದು ಜಪ್ಪಯ್ಯ ಅಂದರೂ ಹೋಗಲ್ಲ. ಮನೆಯಲ್ಲಿ ಏನಾದರೂ ಹೊಡ್ಕೊಳ್ಳಿ, ಬಸ್ಸು ರೈಲಿಗೆ ಬೇಡ. ನನ್ನ ವೋಟು ನಿಮ್ಮ ಅತ್ತೆಗೆ.

ಸಿರುಗುಪ್ಪ ಹುಡುಗಿ:

ಅಕ್ಕಾ, ನಾನು ನಿಮ್ಮ ಪಾರ್ಟಿ. ಅಂಗಡಿಯಲ್ಲಿ ಹೆಂಗಸರದ್ದು ಅಂತ ತೋರಿಸೋದೆಲ್ಲ ಹೂವು ಹಣ್ಣು, ಗಂಡಸರದ್ದು ಅಂದರೆ ಶೇವಿಂಗ್ ಕ್ರೀಮ್. ಇದೊಂದೇ ಎರಡಕ್ಕೂ ಸೇರದ್ದು, ಅದಕ್ಕೇ ನನಗಿಷ್ಟ. ನನ್ನ ಹತ್ತಿರ ಇರೋದು ಬೇರೆ ಬ್ರ್ಯಾಂಡಿನ ನಕಲು, ವಾಸನೆ ನೀವು ಹೇಳಿದ್ದೇ. ಆದರೆ ನನ್ನ ರೂಮ್‌ಮೇಟ್‌ಗೆ ಏನೂ ಬರೋದೇ ಇಲ್ಲ! ಮಣಿಕಟ್ಟು ಮೂಗಿಗೆ ಹಿಡಿದರೂ “ನೀರು ಹಚ್ಕೊಂಡಿದ್ದೀಯಾ?” ಅಂತಾಳೆ. ನೆಗಡಿ ಗಿಗಡಿ ಏನಿಲ್ಲ. ಯಾಕಿರಬಹುದು?

ಅತ್ತರ್ ಪೆಟ್ಟಿಗೆ (ರಾಯಚೂರು):

ನಮ್ಮ ತಂದೆ ಪೆಟ್ಟಿಗೆ ಹೊತ್ತು ಉರುಸು, ಜಾತ್ರೆ ತಿರುಗಿ ಅತ್ತರು ಮಾರಿದವರು. ಪೆಟ್ಟಿಗೆ ಈಗ ನನ್ನ ಹತ್ತಿರ ಇದೆ, ಜೊತೆಗೆ ಸ್ಪ್ರೇ ಬಾಟಲಿಗಳೂ ಸೇರಿಕೊಂಡಿವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾರ ಮೂಗೂ ಸುಳ್ಳು ಹೇಳುತ್ತಿಲ್ಲ. ಬ್ಯಾಕರಾ ಅನ್ನೋದು ಫ್ರಾನ್ಸಿನಲ್ಲಿ 1764ರಲ್ಲಿ ಶುರುವಾದ ಗಾಜಿನ ಕಂಪನಿ. ಅದರ 250ನೇ ವರ್ಷಕ್ಕೆಂದು ಫ್ರಾನ್ಸಿಸ್ ಕುರ್ಕ್‌ಜಿಯಾನ್ ಮಾಡಿಕೊಟ್ಟ ಸೆಂಟು ಇದು, 2015ರಲ್ಲಿ ಎಲ್ಲರಿಗೂ ಸಿಗುವಂತಾಯಿತು. ಆ ಕಂಪನಿಯ ಕೆಂಪು ಗಾಜಿಗೆ ಬಣ್ಣ ಬರಿಸುವ ಶಾಖ 540 ಡಿಗ್ರಿಯಂತೆ, ಹೆಸರು ಅಲ್ಲಿಂದ ಬಂದದ್ದು. ಬಾಂಬೆ ಮಿಠಾಯಿ ವಾಸನೆ ಕೊಡೋದು ಈಥೈಲ್ ಮಾಲ್ಟಾಲ್ ಅನ್ನೋ ಪುಡಿ. ಮಿಠಾಯಿ, ಬೇಕರಿ ತಿಂಡಿಗೂ ಅದನ್ನು ಹಾಕುತ್ತಾರೆ. ನಿಮ್ಮ ಮಗಳಿಗೆ ಮೊದಲು ಸಿಕ್ಕಿದ್ದು ಅದು. ಕೇಸರಿ ಭಾಗದಲ್ಲಿ ಚರ್ಮದ್ದೂ ಔಷಧಿಯದ್ದೂ ಸೇರಿದ ಒಂದು ಘಾಟು ಇರುತ್ತದೆ. ಅತ್ತೆಯವರ ಮೂಗು ನೇರ ಅಲ್ಲಿಗೇ ಹೋಗಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್ ನೆನಪಾಗುತ್ತೆ ಅಂತ ಹೊರದೇಶದವರೂ ಇದನ್ನು ಬೈಯುತ್ತಾರೆ.

ಇನ್ನು ಈ ಸೆಂಟಿನಲ್ಲಿರೋ ಅಂಬರ್ ವಾಸನೆ. ಹಿಂದೆ ಅದು ತಿಮಿಂಗಿಲದ ಹೊಟ್ಟೆಯಿಂದ ಬರುತ್ತಿತ್ತು. ನಮ್ಮಲ್ಲಿ ಅದನ್ನು ಮಾರಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಈಗ ಬಾಟಲಿಯಲ್ಲಿರೋದು ಅಂಬ್ರಾಕ್ಸಾನ್, ಕಾರ್ಖಾನೆಯದ್ದು. ಇಂಥ ಭಾರದ ಪದಾರ್ಥ ಬೇಗ ಹಾರಿಹೋಗೋದಿಲ್ಲ, ಅದಕ್ಕೇ ಬೀರುವಿನಲ್ಲಿ ಕೂತುಬಿಡುತ್ತದೆ. ಕೆಲವರ ಮೂಗಿಗೆ ಅಂಬರ್, ಕಸ್ತೂರಿ ಜಾತಿಯ ಕೆಲವು ವಾಸನೆ ಹುಟ್ಟಿನಿಂದಲೇ ಹತ್ತೋದಿಲ್ಲ. ಸಿರುಗುಪ್ಪದ ತಂಗಿ, ನಿನ್ನ ರೂಮ್‌ಮೇಟ್ ಕಥೆ ಇದೇ ಇರಬೇಕು.

ಅಕ್ಕಾ, ನಿಮ್ಮದು ಬೇರೆ. ಒಂದೇ ವಾಸನೆಯಲ್ಲಿ ಕೂತರೆ ಮೂಗು ಅದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ನಿಮ್ಮ ಯೂನಿಟ್ಟಿಗೆ ಹೊಸಬರು ಬಂದರೆ ವಾಷಿಂಗ್ ಕಡೆಯ ಬ್ಲೀಚಿಗೆ ಕಣ್ಣು ಕಿರಿದು ಮಾಡುತ್ತಾರೆ, ನಿಮಗೆ ಅದು ಗೊತ್ತೂ ಆಗಲ್ಲ, ಅಲ್ವಾ? ಆದ್ದರಿಂದ ಸೆಂಟು ಹೋಯ್ತೋ ಇದೆಯೋ ಅಂತ ನಿಮ್ಮ ಮೂಗನ್ನು ಕೇಳಬೇಡಿ, ಮಗಳನ್ನು ಕೇಳಿ.

ಬಿಸಿಲಿನ ಮಾತು. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಹಗುರವಾದ ನಿಂಬೆ ಗಿಂಬೆ ವಾಸನೆಯೆಲ್ಲ ಕ್ಷಣದಲ್ಲಿ ಹಾರಿಹೋಗಿ, ಸಿಹಿಯೂ ಅಂಬರೂ ಮೈಶಾಖಕ್ಕೆ ಜೋರಾಗಿ ಏಳುತ್ತವೆ. ಡಿಸೆಂಬರಿನಲ್ಲಿ ಹಿತ ಅನ್ನಿಸುವುದೇ ಮೇನಲ್ಲಿ ಉಸಿರು ಕಟ್ಟಿಸುತ್ತದೆ. ನಮ್ಮ ತಂದೆ ಬೇಸಿಗೆಗೆ ಲಾವಂಚ, ಗುಲಾಬಿ, ಮಲ್ಲಿಗೆ ಕೊಡುತ್ತಿದ್ದರು. ಹಿನಾ, ಶಮಾಮಾ, ಕಸ್ತೂರಿ ಚಳಿಗಾಲಕ್ಕೆ. ಯಾರಾದರೂ ಮೇನಲ್ಲಿ ಶಮಾಮಾ ಕೇಳಿದರೆ “ದೀಪಾವಳಿ ಮುಗಿದ ಮೇಲೆ ಬಾರಪ್ಪ” ಅಂತ ಕಳಿಸುತ್ತಿದ್ದರು. ಬಂದ ಗಿರಾಕಿಯನ್ನು ಹಾಗೆ ಕಳಿಸುವ ಧೈರ್ಯ ನನಗಿಲ್ಲ.

ಅಂದಹಾಗೆ, ಗಂಡಸರದು ಹೆಂಗಸರದು ಅನ್ನೋ ಗೆರೆ ಅತ್ತರಿನಲ್ಲಿ ಎಂದೂ ಇರಲಿಲ್ಲ. ಗಂಜಿನಲ್ಲಿ ಹತ್ತಿ ವ್ಯಾಪಾರ ಮಾಡೋ ಗಿರಿಜಾ ಮೀಸೆಯ ಸಾಹುಕಾರರು ಗುಲಾಬಿ ಅತ್ತರಿನ ಅರಳೆ ಕಿವಿಯ ಮಡಿಕೆಯಲ್ಲಿಟ್ಟುಕೊಂಡೇ ರೇಟು ಕೂಗುತ್ತಿದ್ದರು. ಡಬ್ಬಿಯವರು ಈಗ ಅದನ್ನೇ ಹೊಸದು ಅಂತ ಬರೆಯುತ್ತಾರೆ.

ಎಷ್ಟು ಅಂದರೆ: ಬೇಸಿಗೆಯಲ್ಲಿ ಒಂದೇ ಒಂದು ಸಲ. ಕುತ್ತಿಗೆಗೆ ಬೇಡ, ಬಟ್ಟೆ ಮುಚ್ಚುವ ಜಾಗಕ್ಕೆ. ಹೊರಡುವ ಅರ್ಧ ಗಂಟೆ ಮುಂಚೆ. ಬಸ್ಸಿಗೆ ಹೋಗುವ ದಿನ ಅದೂ ಬೇಡ, ಕೊಪ್ಪಳದವರ ತಲೆನೋವು ಸುಳ್ಳಲ್ಲ.

ಕಟಿಂಗ್ ಮಾಸ್ತರ (ಬಳ್ಳಾರಿ):

ಅಣ್ಣ ಬಟ್ಟೆ ವಿಷಯ ಬಿಟ್ಟರು. ಡೆನಿಮ್ ಅಂದರೆ ದಪ್ಪ ಹತ್ತಿ. ಸೆಂಟು ಒಮ್ಮೆ ಕುಡಿದರೆ ಒಗೆಯುವವರೆಗೂ ಬಿಡಲ್ಲ, ಕೆಲವು ಸಲ ಒಗೆದರೂ ಬಿಡಲ್ಲ. ಮನೆಯವರು ಪ್ಯಾಂಟಿಗೆ ಹೊಡೆದುಕೊಳ್ಳುತ್ತಿದ್ದರೆ ನಿಲ್ಲಿಸಿ. ಇಳಕಲ್ ಸೀರೆಯ ಸೆರಗು ರೇಷ್ಮೆ, ಅದಕ್ಕೆ ಸ್ಪ್ರೇ ತಾಗಿಸಲೇಬೇಡಿ, ಕಲೆ ಉಳಿಯುತ್ತೆ. ಈಗ ಹತ್ತಿರುವ ವಾಸನೆ ಹೋಗಬೇಕಾದರೆ ನೆರಳಲ್ಲಿ ಗಾಳಿಗೆ ಹರವಿ. ಬಿಸಿಲಿಗೆ ಹಾಕಿದರೆ ಬಣ್ಣ ಹೋಗಿ ಅತ್ತೆ ಇನ್ನೊಂದು ಯುದ್ಧ ಮಾಡುತ್ತಾರೆ.

ಕೌಲ್‌ಬಜಾರ್ ಅಕ್ಕ (ಬಳ್ಳಾರಿ):

ಎಲ್ಲಾ ಓದಿ ಅತ್ತೆಗೆ ಹೇಳಿದೆ. “ಅಕಿ ಮಿಠಾಯಿ ಅಂದಿದ್ದೂ ಖರೆ, ನಾ ದವಾಖಾನಿ ಅಂದಿದ್ದೂ ಖರೆ. ಬೀರು ಮಾತ್ರ ನಂದು” ಅಂದರು. ಸೀರೆಗಳನ್ನು ಪಡಸಾಲೆಯಲ್ಲಿ ಹರವಿದ್ದೇನೆ.

ಹಡಗಲಿ ಮಲ್ಲಿಗೆ ಮುಡಿದ ದಿನ ಈ ಸೆಂಟು ಬೇಡ ಅಂತ ನಾನೇ ತೀರ್ಮಾನ ಮಾಡಿದೆ. ಎರಡೂ ಸೇರಿದರೆ ಮಲ್ಲಿಗೆ ಸೋಲುತ್ತದೆ, ಹೂವಿಗೆ ಕೊಟ್ಟ ದುಡ್ಡು ದಂಡ. ನಮ್ಮ ಮನೆಯವರು ಮಾತ್ರ ಬಿಡಲು ತಯಾರಿಲ್ಲ, ಅವರ ಆಫೀಸಿನಲ್ಲಿ ಎಲ್ಲರೂ ಹೆಸರು ಕೇಳುತ್ತಿದ್ದಾರಂತೆ. ಅಣ್ಣಾ, ಬೇಸಿಗೆಗೆ ಲಾವಂಚದ ಅತ್ತರು ತಗೊಂಡರೆ ಅಸಲಿ ಅಂತ ತಿಳಿಯೋದು ಹೇಗೆ?

ಅತ್ತರ್ ಪೆಟ್ಟಿಗೆ (ರಾಯಚೂರು):

ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನ ಹಳೇ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಬೇರೋ ಹೂವೋ ಕುದಿಸಿ, ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ಶ್ರೀಗಂಧದೆಣ್ಣೆಗೆ ಇಳಿಸುತ್ತಾರೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಬಹಳ ಜನ ಪ್ಯಾರಾಫಿನ್ ಎಣ್ಣೆ ಹಾಕುತ್ತಿದ್ದಾರೆ. ಗಂಧದ ಮೇಲೆ ಇಳಿಸಿದ್ದು ಅಂತ ಹೇಳಿ ಅಗ್ಗಕ್ಕೆ ಕೊಟ್ಟರೆ ನಂಬಬೇಡಿ. ಒಂದು ತೊಟ್ಟು ಮಣಿಕಟ್ಟಿಗೆ ಹಚ್ಚಿಸಿಕೊಂಡು ಬಜಾರಿನ ಬೇರೆ ಕೆಲಸ ಮುಗಿಸಿ ಬನ್ನಿ. ಅಂಗಡಿಯೊಳಗೆ ನೂರೆಂಟು ವಾಸನೆ, ಅಲ್ಲಿ ನಿಂತು ಏನೂ ತಿಳಿಯಲ್ಲ. ಹೊರಗೆ ತಿರುಗಿದ ಮೇಲೂ ಹಸಿ ಬೇರಿನ ವಾಸನೆ ಉಳಿದಿದ್ದರೆ ದುಡ್ಡು ಕೊಡಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಮೂಗು ಚುರುಕಿದೆ.