ಆಂಡ್ರಾಯ್ಡ್‌ನಿಂದ ಐಫೋನ್‌ಗೆ: ಹೊರದೇಶದ ರೇಡಿಯೊ ಸ್ಟೇಷನ್‌ಗಳ ಪಟ್ಟಿ ದಾಟಿಸುವುದು ಹೇಗೆ?

ಅಲೆಗಿವಿ:
ರೇಡಿಯೊಡ್ರಾಯ್ಡ್‌ನ ಫೇವರಿಟ್ಸ್‌ನಲ್ಲಿ ಜರ್ಮನ್, ಫ್ರೆಂಚ್, ಇಂಗ್ಲಿಷ್ ಸೇರಿ 40 ಸ್ಟೇಷನ್‌ಗಳಿವೆ. ಐಫೋನ್‌ಗೆ ಈ ಆ್ಯಪ್ ಇಲ್ಲ. ಒಂದೊಂದನ್ನೇ ಮತ್ತೆ ಹುಡುಕದೆ ಒಯ್ಯಬಹುದೇ? ಐದು ಲಿಂಕ್‌ಗಳನ್ನು ಐಫೋನಿನ ಒಂದು ರೇಡಿಯೊ ಆ್ಯಪ್‌ಗೆ ಹಾಕಿದರೆ ಎರಡು ಮಾತ್ರ ಕೇಳಿಸುತ್ತಿವೆ.

ತರಂಗ_49:
ಹಳೆಯ ಫೋನ್ ರೀಸೆಟ್ ಮಾಡುವ ಮೊದಲು ಫೇವರಿಟ್ಸ್‌ನ ಮೆನುವಿನಿಂದ ಪ್ಲೇಲಿಸ್ಟ್ ಸೇವ್ ಮಾಡಿ. ಸಿಗುವ ಎಂ3ಯು ಫೈಲ್ ಬರೀ ಪಠ್ಯ: ಒಂದು ಸಾಲಿನಲ್ಲಿ ಹೆಸರು, ಮುಂದಿನದರಲ್ಲಿ ಲಿಂಕ್. ಫೈಲ್ ಹೆಸರಿನ ಕೊನೆಯ ಎಂ3ಯು ತೆಗೆದು ಟಿಎಕ್ಸ್‌ಟಿ ಎಂದು ಬದಲಿಸಿ, ಇಮೇಲ್‌ನಲ್ಲಿ ಕಳಿಸಿಕೊಳ್ಳಿ. ಐಫೋನಿನ ಫೈಲ್ಸ್‌ನಲ್ಲಿ ನೇರ ತೆರೆಯುತ್ತದೆ. ಅಲ್ಲಿಂದ ಲಿಂಕ್ ಕಾಪಿ ಮಾಡಿ ವಿಎಲ್‌ಸಿ ಎಂಬ ಪ್ಲೇಯರ್ ಆ್ಯಪ್‌ನ ನೆಟ್‌ವರ್ಕ್ ಸ್ಟ್ರೀಮ್‌ನಲ್ಲಿ ಅಂಟಿಸಿ. 40 ಸಲ ಅಂಟಿಸುವುದು ಬೇಸರದ ಕೆಲಸವೇ, ಆದರೆ ಹುಡುಕುವುದಕ್ಕಿಂತ ಬೇಗ ಮುಗಿಯುತ್ತದೆ.

ಬಫರಿಂಗ್:
ಉಳಿದ ಮೂರು ಕೇಳಿಸದಿರುವುದಕ್ಕೆ ಬೇರೆ ಬೇರೆ ಕಾರಣ ಇರಬಹುದು. ಮೊದಲು ಲಿಂಕ್‌ನ ಆರಂಭ ನೋಡಿ. ಎಚ್‌ಟಿಟಿಪಿಎಸ್ ಅಲ್ಲದೆ ಬರೀ ಎಚ್‌ಟಿಟಿಪಿ ಇದ್ದರೆ, ಆ್ಯಪ್ ತಯಾರಿಸಿದವರು ಅದಕ್ಕೆಂದೇ ವಿನಾಯಿತಿ ಸೇರಿಸಿರದಿದ್ದರೆ ಐಫೋನಿನ ಕಾರ್ಯವ್ಯವಸ್ಥೆ ಐಒಎಸ್ ತಡೆಯುತ್ತದೆ. 2015ರ ಐಒಎಸ್ 9ರಿಂದ ಈ ನಿಯಮವಿದೆ. ಎಷ್ಟೋ ಸ್ಟೇಷನ್‌ಗಳಲ್ಲಿ ಒಂದು 'ಎಸ್' ಸೇರಿಸಿದರೇ ಸಾಕು. ಇನ್ನು ಆಗ್ (Ogg) ಅಥವಾ ಓಪಸ್ (Opus) ಎಂಬ ಆಡಿಯೊ ಮಾದರಿಯ ಸ್ಟ್ರೀಮ್ ಆಗಿದ್ದರೆ, ಐಒಎಸ್‌ನ ಪ್ಲೇಯರನ್ನೇ ನೆಚ್ಚಿಕೊಂಡ ಆ್ಯಪ್‌ಗಳು ಸುಮ್ಮನಾಗಬಹುದು. ವಿಎಲ್‌ಸಿಗೆ ಇಂಥವನ್ನು ಬಿಡಿಸಿ ನುಡಿಸುವ ತನ್ನದೇ ಡಿಕೋಡರ್ ಇರುವುದರಿಂದ ಅಲ್ಲಿ ಕೇಳಬಹುದು. ಅದೇ ಸ್ಟೇಷನ್‌ನ ಎಂಪಿ3 ಅಥವಾ ಎಎಸಿ ಲಿಂಕ್ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ಅಲೆಗಿವಿ:
'ಎಸ್' ಸೇರಿಸಿದ ಮೇಲೆ ಎರಡು ಬಂದವು, ಧನ್ಯವಾದ. ಫ್ರೆಂಚ್ ಸ್ಟೇಷನ್ ಒಂದು ನಿನ್ನೆ ಕೇಳಿಸಿತು, ಇಂದು ಇಲ್ಲ. ಲಿಂಕ್‌ನ ಕೊನೆಯಲ್ಲಿ 'ಟೋಕನ್' ಎಂದು ಉದ್ದದ ಅಕ್ಷರಮಾಲೆ ಇದೆ.

ಬಫರಿಂಗ್:
ಆ ಟೋಕನ್, ಅಂದರೆ ತಾತ್ಕಾಲಿಕ ಅನುಮತಿ ಸಂಕೇತದ ಅವಧಿ ಮುಗಿದಿರಬೇಕು. ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದೆಲ್ಲ ಅಳಿಸಿ ನೋಡಿ. ಆಗಲೂ ಬಾರದಿದ್ದರೆ ರೇಡಿಯೊ ಬ್ರೌಸರ್ ತಾಣದಲ್ಲಿ ಆ ಸ್ಟೇಷನ್ ಹುಡುಕಿ ಮೂಲ ಲಿಂಕ್ ತೆಗೆದುಕೊಳ್ಳಿ. ರೇಡಿಯೊಡ್ರಾಯ್ಡ್ ಬಳಸುವುದೂ ಅದೇ ದತ್ತಾಂಶವನ್ನೇ.

ತರಂಗ_49:
ಪಟ್ಟಿಯಲ್ಲಿ ಬಿಬಿಸಿಯ ಹಳೆಯ ಎಂಪಿ3 ಲಿಂಕ್ ಇದ್ದರೆ ತೆಗೆದುಹಾಕಿ. 2023ರಲ್ಲಿ ಅವು ನಿಂತವು. ಈಗಿರುವುದು ಎಂ3ಯು8 ಎಂದು ಕೊನೆಯಾಗುವ, ಆಡಿಯೊವನ್ನು ಸಣ್ಣ ತುಣುಕುಗಳಾಗಿ ಕಳಿಸುವ ಎಚ್‌ಎಲ್‌ಎಸ್ ಲಿಂಕ್, ಅದು ಐಫೋನಿಗೆ ಚೆನ್ನಾಗಿ ಒಗ್ಗುತ್ತದೆ. ಸ್ಟೇಷನ್ ತನ್ನ ದೇಶದಾಚೆಗೆ ಪ್ರಸಾರ ತಡೆದಿದ್ದರೆ ಮಾತ್ರ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ಮೊಬೈಲ್ ಡೇಟಾದಲ್ಲಿ ಕೇಳುವುದಾದರೆ 128 ಕೆಬಿಪಿಎಸ್ ಸ್ಟ್ರೀಮ್‌ಗೆ ಗಂಟೆಗೆ ಸುಮಾರು 58 ಎಂಬಿ ಬೇಕು. ಸುದ್ದಿ, ಮಾತುಕತೆಗೆ 64ರದ್ದು ಧಾರಾಳ.